ನಿರ್ಗಮನದ ಔಚಿತ್ಯ

ಈ ಕಥೆಯನ್ನು ಮೊದಲು ಹೇಳಿದವರು ಇಸ್ತ್ರಿ ಅಂಗಡಿಯ ಅತ್ತೆ. ಹೇಳಿದ್ದು ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಕರೆಂಟು ಹೋಗಿ ಇಸ್ತ್ರಿಪೆಟ್ಟಿಗೆ ತಣ್ಣಗಾಗಿದ್ದಾಗ. ಬಟ್ಟೆಗಾಗಿ ಕಾದಿದ್ದ ಆರೇಳು ಮಂದಿ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತು ಕೇಳಿದರು.

ಅದೇ ಬೀದಿಯ ಒಬ್ಬ ಅಜ್ಜಿಗೆ ಉಯ್ಯಾಲೆಯ ಹುಚ್ಚು. ಸೋಮವಾರ ಆಕೆಗೆ ಮಂಡಿಯ ಆಪರೇಷನ್. ಆಮೇಲೆ ಒಂದು ವರ್ಷ ಉಯ್ಯಾಲೆಯ ಹತ್ತಿರ ಸುಳಿಯಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆದ್ದರಿಂದ ಭಾನುವಾರವೇ ಉದ್ಯಾನಕ್ಕೆ ಹೋಗಿ ಒಮ್ಮೆ ಮನಸಾರೆ ಜೀಕಿಬಿಡಬೇಕೆಂಬುದು ಆಕೆಯ ಹಟ. ಗಂಡ ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನು. ಬೀದಿಗೆಲ್ಲ ಕಾಗುಣಿತ ತಾತ. ಹೊರಡುವ ಮುನ್ನ ಅವನೊಬ್ಬನೇ ಹೋಗಿ ಗೇಟಿನ ಫಲಕವನ್ನು ಓದಿಕೊಂಡು ಬಂದ. ಬಂದವನ ಮುಖ ಹುಳ್ಳಗಿತ್ತು.

"ಏನಂತೆ ರೀ?"

"ಪ್ರವೇಶ ಉಚಿತ, ಅಂತಿದೆ."

"ಮತ್ತಿನ್ನೇನು, ನಡೀರಿ."

"ಒಳಗೆ ಹೋಗೋದು ಉಚಿತ. ಅಂದ್ರೆ ಯೋಗ್ಯ. ಸರಿ, ಒಪ್ಪಿದೆ. ಹೊರಗೆ ಬರೋದು? ಅದರ ಬಗ್ಗೆ ಒಂದಕ್ಷರ ಇಲ್ಲ ಕಣೆ."

"ಪುಕ್ಕಟೆ ಅಂತ ರೀ ಅದು."

"ಪುಕ್ಕಟೆಗೆ ಪುಕ್ಕಟೆ ಅಂತಲೇ ಪದ ಇದೆ. ಬರೀದೇ ಬಿಟ್ಟಿದ್ದನ್ನ ಊಹಿಸ್ಕೊಂಡು ಓದಬಾರದು. ಇಷ್ಟು ವರ್ಷ ನಮಗೆ ಅನ್ನ ಹಾಕಿದ್ದು ಅದೇ."

ವಾದಕ್ಕಿಳಿದರೆ ಹೊತ್ತು ಮುಳುಗುವುದೆಂದು ಅಜ್ಜಿಗೆ ಗೊತ್ತು. "ಈಗೇನು ಮಾಡೋಣ ಅಂತೀರಾ?"

"ಉಳ್ಕೊಳ್ಳೋಕೆ ತಯಾರಾಗೇ ಹೋಗೋಣ."

ಎರಡು ದಿಂಬು, ಜಮಖಾನೆ, ಸೊಳ್ಳೆಪರದೆ, ವಾರದ ಮಾತ್ರೆ, ನಿಘಂಟಿನ ಎರಡು ಸಂಪುಟ, ಎಲ್ಲ ಗಂಟಾದವು.

"ನಾಳೆ ಆಪರೇಷನ್ನು?"

"ಡಾಕ್ಟರಿಗೆ ಅಲ್ಲಿಗೇ ಬರೋಕೆ ಹೇಳ್ತೀನಿ. ಅವರಿಗೂ ಪ್ರವೇಶ ಉಚಿತ."

ಗಂಟು ಕಟ್ಟಿ, ಬಿಚ್ಚಿ, ಮರೆತ ಕನ್ನಡಕವನ್ನು ಸೇರಿಸಿ ಮತ್ತೆ ಕಟ್ಟುವಷ್ಟರಲ್ಲಿ ಐದೂವರೆಯಾಯಿತು. ಉದ್ಯಾನದ ಬಾಗಿಲು ಮುಚ್ಚುವುದು ಆರಕ್ಕೆ.

ಕಾವಲುಗಾರ ಗಂಟನ್ನು ನೋಡಿದ. "ಏನ್ ತಾತ, ಮನೆ ಖಾಲಿ ಮಾಡಿದ್ರಾ? ಹಾಸಿಗೆ ಎಲ್ಲ ಒಳಗೆ ಬಿಡಲ್ಲ."

ತಾತ ಫಲಕದತ್ತ ಬೆರಳು ತೋರಿಸಿ ಮಾತು ತೆಗೆದ. ಆ ಮಾತಿಗೆ ಅಲ್ಪವಿರಾಮವೂ ಇರದು, ಪೂರ್ಣವಿರಾಮವೂ ಇರದು ಎಂದು ಬಲ್ಲ ಅಜ್ಜಿ ಪಕ್ಕದಿಂದ ನುಸುಳಿ, ಕುಂಟುತ್ತ ಹೋಗಿ ಉಯ್ಯಾಲೆಯ ಸರದಿಯಲ್ಲಿ ನಿಂತಳು. ಸರದಿ ಬಂದು, ಕುಳಿತು, ಎರಡು ಸಲ ಜೀಕಿರಬೇಕು, ಕಾವಲುಗಾರ ಸೀಟಿ ಊದಿದ.

"ಅಜ್ಜಿ, ಇಳೀರಿ. ಗೇಟ್ ಹಾಕ್ಬೇಕು."

"ಹೊರಗೆ ಹೋಗೋದು ಉಚಿತ ಅಂತ ಎಲ್ಲಿ ಬರ್ದಿದೆಯಪ್ಪಾ?"

ಕಾವಲುಗಾರ ಹಣೆ ಚಚ್ಚಿಕೊಂಡ. "ಒಬ್ಬರು ಸಾಲದು ಅಂತ ಇಬ್ಬರು." ಸೀದಾ ಹೋಗಿ ತಾತನ ಕೈಗೆ ಸೀಮೆಸುಣ್ಣ ತುರುಕಿದ. "ನೀವೇ ಬರ್ದು ಪುಣ್ಯ ಕಟ್ಕೊಳ್ಳಿ."

ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಪುಟ ತಿದ್ದುತ್ತಿದ್ದ ಕೈ ಅದು. ತಾತ ಒಮ್ಮೆ ಉಯ್ಯಾಲೆಯತ್ತ ತಿರುಗಿ ನೋಡಿದ. ಬಳಿಕ ‘ನಿ’ ಬರೆದ, ಅಳಿಸಿದ. ಮತ್ತೆ ಬರೆದು, ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿದ. ಅರ್ಕಾವೊತ್ತಿನ ಹತ್ತಿರ ಬಂದಾಗ ಗಂಟು ಬಿಚ್ಚಿ ನಿಘಂಟು ತೆಗೆದ. ಮೊದಲ ಸಂಪುಟ, ಆಮೇಲೆ ಎರಡನೆಯದು. ಆ ಪದದ ಕಾಗುಣಿತ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತೆಂದು ಅಜ್ಜಿಗೆ ಗೊತ್ತಿತ್ತು. ನೋವಿಲ್ಲದ ಕಾಲಿನಿಂದ ಆಕೆ ನೆಲವನ್ನು ಜೋರಾಗಿ ಒದ್ದಳು.

"ಅವಸರ ಮಾಡ್ಬೇಡಿ ರೀ," ಎಂದಳು ಮೇಲಿನಿಂದ. "ತಪ್ಪಾದೀತು."

‘ನಿರ್ಗಮನವೂ ಉಚಿತ’ ಎಂದು ಬರೆದು ಚುಕ್ಕಿಯಿಡುವ ಹೊತ್ತಿಗೆ ಕಾವಲುಗಾರ ಅವರದೇ ದಿಂಬಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದ.

ಅತ್ತೆ ಇಲ್ಲಿಗೆ ನಿಲ್ಲಿಸಿದಾಗ ಕರೆಂಟು ಬಂದು ಬಹಳ ಹೊತ್ತಾಗಿತ್ತು. ಹೇಳುತ್ತಲೇ ಎಲ್ಲರ ಬಟ್ಟೆಯನ್ನೂ ಮಡಿಸಿಟ್ಟಿದ್ದರು. ಕೇಳಿದವರು ತಮ್ಮ ತಮ್ಮ ಗಂಟೆತ್ತಿಕೊಂಡು ಎದ್ದರು. ಒಬ್ಬ ಹೊಸ್ತಿಲಲ್ಲಿ ನಿಂತು, "ಹೊರಡಬಹುದಾ ಅತ್ತೆ?" ಎಂದ.

"ಬೋರ್ಡ್ ನೋಡ್ಕೊಳ್ಳಿ."

ಅಂಗಡಿಗೆ ಬೋರ್ಡೇ ಇರಲಿಲ್ಲ. ಆದರೂ ಎಲ್ಲರೂ ಮನೆಗೆ ಹೋದರು.