ಹಿಡಿಕೆಯ ಮೇಲಿನ ಹೆಸರು

ಆ ಶನಿವಾರ ಬೆಳಿಗ್ಗೆ ಅಮೆರಿಕದ ಪಸಡೀನಾ ಊರಿನ ಮೇಲೆ ಮರುಭೂಮಿಯ ಒಣಗಾಳಿ ಏಳತೊಡಗಿತ್ತು. ತುಟಿ ಒಡೆಯುವಂಥ ಗಾಳಿ. ಆಕಾಶ ಮಾತ್ರ ತೊಳೆದಿಟ್ಟ ಹರಿವಾಣದ ಹಾಗೆ. ಎರಡು ಸಾವಿರದ ಏಳನೆಯ ಇಸವಿಯ ಆಯುಧ ಪೂಜೆ ಅಂದು. ನೀಲಾ ಕುಂಕುಮದ ಭರಣಿ ಹಿಡಿದು ಹೊರಟಾಗ ಗಂಡ ದಾನಪ್ಪ ನಕ್ಕ.

"ಆ ಮುದುಕನ ಕುಂಚಕ್ಕೂ ಕುಂಕುಮ ಹಚ್ಚಾಕ ಹೊಂಟೀಯೇನ? ನನ್ನ ಕಾರಿನ ಗಾಲಿಗೆ ಒಂದ ನಿಂಬಿಹಣ್ಣರೆ ಇಡ ತಾಯಿ."

"ನನಗ ಅನ್ನ ಹಾಕಿದ್ದು ಆ ಕುಂಚರೀ. ನಿಮ್ಮ ಕಾರು ಬರೇ ಪೆಟ್ರೋಲ್ ಕುಡಿತೈತಿ."

ಮುದುಕನೆಂದರೆ ಹಾರ್ಲನ್, ಬಿಳಿ ಕ್ಯಾನ್ವಾಸಿನ ಮೇಲೆ ಕಪ್ಪು ಗೀಟುಗಳನ್ನಷ್ಟೇ ಎಳೆದು ಹೆಸರಾದ ಚಿತ್ರಕಾರ. ಆರು ವರ್ಷದಿಂದ ಅವನ ಸ್ಟುಡಿಯೋ ನೋಡಿಕೊಳ್ಳುವವಳು ನೀಲಾ. ಮುಂದಿನ ತಿಂಗಳು ಲಾಸ್ ಏಂಜಲೀಸಿನಲ್ಲಿ ಪ್ರದರ್ಶನ. ಕೊನೆಯ ಚಿತ್ರಕ್ಕೆ ಒಂದೇ ಗೀಟು ಬಾಕಿ. ಅದು ಹಳೆಯ ಬಿದಿರಿನ ಕುಂಚದಿಂದಲೇ ಆಗಬೇಕು, ಬೇರೆಯದಕ್ಕೆ ಆ ಉಸಿರು ಬರದು.

ಪೂಜೆಗಿಡುವ ಸಾಮಾನನ್ನು ತೊಳೆಯದೆ ಇಡುವುದುಂಟೇ? ಸ್ಟುಡಿಯೋದಲ್ಲಿ ನೀಲಾ ಕುಂಚಗಳನ್ನು ಬಿಸಿನೀರಿನಲ್ಲಿ ತಿಕ್ಕಿದಳು. ಹಳೆಯ ಕುಂಚದ ಹಿಡಿಕೆಗೆ ದಪ್ಪಗೆ ಬಳಿದಿದ್ದ ಕಪ್ಪು ಬಣ್ಣ ಹೊಪ್ಪಳಿಕೆ ಎದ್ದು ಬಂತು. ಕೆಳಗೆ, ಬಿದಿರಿನಲ್ಲಿ ಕೊರೆದ ಜಪಾನಿ ಅಕ್ಷರಗಳು. ಅವಳು ಪೂರ್ತಿ ತಿಕ್ಕಿ, ವಿಭೂತಿ ಹಚ್ಚಿ, ಕುಂಕುಮವಿಟ್ಟು ಊದಿನಕಡ್ಡಿ ಬೆಳಗಿದಳು.

ಹಾರ್ಲನ್ ಬಂದು ನೋಡಿದವನೇ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತ.

"ತಪ್ಪಾಯ್ತಾ ಸರ್? ಕೊಳೆ ಅಂದ್ಕೊಂಡೆ."

"ಕೊಳೆಯೇ. ಬಳಿದವನು ನಾನು." ಕೊರೆದ ಅಕ್ಷರಗಳತ್ತ ಬೆರಳು ತೋರಿಸಿದ: "ಇನಾಬಾ ಅಂತ. ತೋಟದ ಕೆಲಸ ಮಾಡ್ತಿದ್ದರು. ಗೀಟು ಎಳೆಯೋ ಮುಂಚೆ ಉಸಿರು ಹಿಡಿ, ಬಿಳಿ ಜಾಗ ಬಿಡೋದೂ ಚಿತ್ರವೇ ಅಂತ ಮೂರು ವರ್ಷ ಕಲಿಸಿದರು. ಮೊದಲ ಪ್ರದರ್ಶನಕ್ಕೆ ಈ ಕುಂಚ ಕೊಟ್ಟು, ಮುಗಿದ ಮೇಲೆ ತಂದುಕೊಡು ಅಂದರು. ಪತ್ರಿಕೆಯವನೊಬ್ಬ ಅಲ್ಲಿ ಕೇಳಿದ, ಇದು ಜಪಾನಿನ ವಿದ್ಯೆಯಲ್ಲವಾ ಅಂತ. ಇಲ್ಲ, ಪೂರಾ ನನ್ನದೇ ಅಂದುಬಿಟ್ಟೆ. ನನ್ನ ಹಿಂದೆಯೇ ಇನಾಬಾ ನಿಂತಿದ್ದರು. ಕುಂಚ ವಾಪಸ್ ಕೊಡೋಕೆ ಹೋಗಲೇ ಇಲ್ಲ."

ಐವತ್ತು ವರ್ಷ ಅದನ್ನೇ ಹೇಳುತ್ತ ಬಂದಿದ್ದ.

"ಅವರು ಈಗ?"

"ಹೋದರು. ಮಗಳು ಸುಮಿಕೊ ಇದ್ದಾಳೆ. ಸ್ಯಾನ್ ಡಿಯೇಗೋದ ಕರ್ನಿ ಮೆಸಾದಲ್ಲಿ ನೂಡಲ್ಸ್ ಅಂಗಡಿ."

ಅವನ ಕೈ ಕುಂಚದತ್ತ ಹೋಯಿತು. ನೀಲಾ ತಡೆದಳು. "ಇವತ್ತು ಮುಟ್ಟಬಾರದು ಸರ್. ನಾಳೆ ಎತ್ತೋದು. ಎತ್ತುವಾಗ ಕಲಿಸಿದವರನ್ನ ನೆನೀಬೇಕು."

ಅವನು ಮುಗಿಯದ ಕ್ಯಾನ್ವಾಸನ್ನು ಬಹಳ ಹೊತ್ತು ನೋಡಿದ. "ನೆನೆದರೆ ಸಾಕಾ?"



ಮರುದಿನ ಸ್ಯಾನ್ ಡಿಯೇಗೋಗೆ ಡ್ರೈವ್ ಮಾಡಿದವಳು ನೀಲಾಳೇ. ಪೂರ್ವದ ಬೆಟ್ಟಗಳ ಮೇಲೆ ಕಾಳ್ಗಿಚ್ಚಿನ ಹೊಗೆ ಎದ್ದಿತ್ತು. ಕೊನೆಯ ಚಿತ್ರವನ್ನು ಆ ಒಂದು ಗೀಟಿಲ್ಲದೆ ಹಾಗೇ ತೂಗುಹಾಕಿ, ಕೆಳಗೆ 'ಇನಾಬಾರ ಶಿಷ್ಯ' ಎಂದು ಬರೆಯಿರಿ ಅಂತ ಹಾರ್ಲನ್ ಬೆಳಿಗ್ಗೆಯೇ ಗ್ಯಾಲರಿಗೆ ಫೋನ್ ಮಾಡಿದ್ದ.

ಸುಮಿಕೊ ಟೇಬಲ್ ಒರೆಸುತ್ತಿದ್ದಳು. "ಇಬ್ಬರಾ?" ಎಂದಳು. ತಲೆಯೆತ್ತಿ ಗುರುತು ಹಿಡಿದಾಗ ಬಟ್ಟೆಯಿದ್ದ ಕೈ ನಿಂತಿತು. ಹಾರ್ಲನ್ ಉಸಿರು ಹಿಡಿದು, ಕೊರೆದ ಹೆಸರು ಅವಳ ಕಡೆಗೆ ಬರುವಂತೆ ತಿರುಗಿಸಿ, ಕುಂಕುಮ ಅಂಟಿದ್ದ ಕುಂಚವನ್ನು ಎರಡೂ ಕೈಗಳಿಂದ ಅವಳಿಗೆ ಕೊಟ್ಟ.