ಅಮ್ಮಾಜಮ್ಮ ಯುದ್ಧ ವಿಚಾರಿಸಿದ್ದು

ಜಂಗಮಕೋಟೆಯಲ್ಲಿ ಹೆಣ್ಣು ಕೊಡುವ ಮುಂಚೆ ಮೂರು ಕಡೆ ವಿಚಾರಿಸುವುದು ರೂಢಿ. ಮೊದಲು ಗಂಡಿನ ಮನೆಯವರ ಮಾತು ಕೇಳಬೇಕು. ಅವರು ಹುಡುಗ ಅಪ್ಪಟ ಬಂಗಾರ ಅನ್ನುತ್ತಾರೆ. ಆಮೇಲೆ ಅವರ ದಾಯಾದಿಗಳ ಮಾತು ಕೇಳಬೇಕು. ಅವರು ಹುಡುಗ ಕುಡಿಯುತ್ತಾನೆ, ಜಗಳಗಂಟ, ಒಂದು ಕಿವಿಯೂ ಮಂದ ಅನ್ನುತ್ತಾರೆ. ಕೊನೆಗೆ ಆ ಊರಿನ ಬಸ್ಸು ನಿಲ್ಲುವ ಕಡೆ ಟೀ ಅಂಗಡಿ ಇಟ್ಟುಕೊಂಡವನನ್ನು, ಏನೂ ಗೊತ್ತಿಲ್ಲದವರ ಹಾಗೆ ಮಾತಿಗೆಳೆಯಬೇಕು. ಮೂವರ ಬಾಯಲ್ಲೂ ಬಂದದ್ದನ್ನಷ್ಟೇ ನಂಬಿ, ಉಳಿದದ್ದನ್ನು ಅಲ್ಲೇ ಕೊಡವಿ ಬರಬೇಕು. ಅಮ್ಮಾಜಮ್ಮ ಹೀಗೆ ವಿಚಾರಿಸಿಯೇ ಇಬ್ಬರು ಹೆಣ್ಣುಮಕ್ಕಳನ್ನು ಒಳ್ಳೆಯ ಮನೆಗಳಿಗೆ ಸೇರಿಸಿದ್ದಳು. ಅರವತ್ತೈದರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಜೋರಾದಾಗ ಆಕೆ ಅದನ್ನೂ ಹೀಗೆಯೇ ವಿಚಾರಿಸಲು ಕೂತಳು.

ವಿಚಾರಿಸಲು ಮನೆಯಲ್ಲೊಂದು ಟ್ರಾನ್ಸಿಸ್ಟರ್ ಇತ್ತು. ಹಿಂದಿನ ವರ್ಷ ರೇಷ್ಮೆಗೂಡು ಚೆನ್ನಾಗಿ ಬಂದಾಗ ಮಗ ಚನ್ನಕೇಶವ ಹಟ ಹಿಡಿದು ತಂದದ್ದು. ಹುಳುವಿಗೆ ಗದ್ದಲ ಆಗದೆಂದು ಅದು ಜಗಲಿ ದಾಟಿ ಒಳಗೆ ಬರಕೂಡದೆಂಬುದು ಅಮ್ಮಾಜಮ್ಮನ ಕಟ್ಟಪ್ಪಣೆ. ಗಂಡ ತೀರಿಕೊಂಡ ಮೇಲೆ ತೋಟ, ಹುಳು, ಮಗ ಎಲ್ಲವೂ ಆಕೆಯ ಅಪ್ಪಣೆಯಲ್ಲೇ ನಡೆಯುತ್ತಿದ್ದವು. ಸಂಜೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಕೈ ತೊಳೆದು ಆಕೆ ಜಗಲಿ ಕಂಬಕ್ಕೆ ಒರಗಿದಳೆಂದರೆ ಅರ್ಧ ಬೀದಿ ಬಂದು ಸೇರುತ್ತಿತ್ತು.

ಬೆಂಗಳೂರು ಸ್ಟೇಷನ್ನು ಗಂಡಿನ ಮನೆ. ಪಾಕಿಸ್ತಾನದ ಸ್ಟೇಷನ್ನು ದಾಯಾದಿ. ಅದರ ಉರ್ದುವನ್ನು ಶಿಡ್ಲಘಟ್ಟದ ದಸ್ತಗೀರ್ ಸಾಬರು ಕನ್ನಡ ಮಾಡಿ ಹೇಳುತ್ತಿದ್ದರು. ನೂಲು ಬಿಚ್ಚಿಸುವ ಕಸುಬಿನ ಅವರು ಗೂಡು ಕೊಳ್ಳಲು ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗುವವರು. ಯುದ್ಧ ಶುರುವಾದ ಮೇಲೆ ಗೂಡಿಲ್ಲದ ದಿನವೂ ಬರತೊಡಗಿದರು. ಲಂಡನ್ನಿನ ಇಂಗ್ಲಿಷ್ ಸುದ್ದಿ ಟೀ ಅಂಗಡಿ. ಎಸ್ಸೆಸ್ಸೆಲ್ಸಿ ಪಾಸಾದ ಚನ್ನಕೇಶವ ಅದನ್ನು ಬಿಡಿಸಿ ಹೇಳುತ್ತಿದ್ದ, ಬಿಡಿಸಲಾಗದ ಕಡೆ ಕೆಮ್ಮುತ್ತಿದ್ದ. ಆತನಿಗೆ ಆ ತಿಂಗಳು ಕೆಮ್ಮು ಬಹಳ.

ಒಂದು ಸಂಜೆ ಎರಡೂ ಕಡೆಯವರು ತಾವು ಹೊಡೆದುರುಳಿಸಿದ ವಿಮಾನಗಳ ಲೆಕ್ಕ ಒಪ್ಪಿಸಿದರು. ಕೇಳಿದ ಸಾಬರು ಗಡ್ಡ ನೀವಿಕೊಂಡು, "ಇವರಿಬ್ಬರನ್ನೂ ನಂಬಿದ್ರೆ ನಾಳೆಯಿಂದ ಆಕಾಶದಲ್ಲಿ ಕಾಗೆ ಬಿಟ್ರೆ ಬೇರೆ ಏನೂ ಇರಲ್ಲ ಅಮ್ಮಾ" ಅಂದರು. ಲಂಡನ್ನಿನವರು ಇಬ್ಬರ ಲೆಕ್ಕವನ್ನೂ ಕಡಿಮೆ ಮಾಡಿದರು. ಅಮ್ಮಾಜಮ್ಮ ಅವರನ್ನೂ ಪೂರ್ತಿ ಒಪ್ಪಲಿಲ್ಲ. ಮೊನ್ನೆ ಮೊನ್ನೆಯವರೆಗೆ ನಮ್ಮ ಮನೆಯಲ್ಲೇ ಯಜಮಾನಿಕೆ ನಡೆಸಿ ಹೋದವರು, ನಮ್ಮ ಬಗ್ಗೆ ಒಳ್ಳೆಯ ಮಾತಾಡಲು ಅವರಿಗೆ ಬಾಯಿ ಬರುತ್ತದೆಯೇ ಎಂದಳು. ಕಳೆದು ಕೂಡಿ ನೋಡಿದರೆ ಮೂವರೂ ಒಪ್ಪಿದ ಸಂಗತಿ ಒಂದೇ ಉಳಿಯುತ್ತಿತ್ತು: ಎರಡೂ ಕಡೆ ಹೆತ್ತವರ ಮಕ್ಕಳು ಸಾಯುತ್ತಿದ್ದಾರೆ. ಅದನ್ನು ಕೊಡವಿ ಬರಲು ಆಕೆಗೆ ಆಗಲಿಲ್ಲ.

ಇಷ್ಟರಲ್ಲಿ ಮಿಲಿಟರಿಗೆ ಆಳು ಸೇರಿಸಿಕೊಳ್ಳುವ ಜೀಪೊಂದು ಮೈಕು ಕಟ್ಟಿಕೊಂಡು ಊರಿಗೆ ಬಂತು. ಬರುವ ಮಂಗಳವಾರ ಚಿಕ್ಕಬಳ್ಳಾಪುರದ ಮೈದಾನದಲ್ಲಿ ಆಯ್ಕೆ, ಆರಿಸಿದವರನ್ನು ಅಂದೇ ಬೆಂಗಳೂರಿಗೆ ಕರೆದೊಯ್ಯುವುದು ಎಂದು ಸಾರಿ ಹೋಯಿತು. ಆ ಸಂಜೆ ಚನ್ನಕೇಶವ ರೇಡಿಯೋದ ಕಿವಿ ಹಿಂಡಿ ಬಾಯಿ ಮುಚ್ಚಿಸಿ, ತಾನು ಹೋಗುತ್ತೇನೆ ಅಂದ. ತಾಯಿ ಯಾಕೆಂದು ಕೇಳಿದಳು.

"ಜಗಲಿ ಮೇಲೆ ಕೂತು ಇನ್ನೊಬ್ಬರ ಮಕ್ಕಳ ಲೆಕ್ಕ ಕೇಳಕ್ಕೆ ನಾಚಿಕೆ ಆಗ್ತದೆ ಕಣಮ್ಮ."

ಆಕೆಗೆ ಇರುವ ಒಬ್ಬ ಮಗ. ಬೇಡ ಅಂದುಬಿಡಬಹುದಿತ್ತು, ಆತ ಮೀರುವವನೂ ಅಲ್ಲ. ಆದರೆ ವಿಚಾರಿಸದೆ ಬೇಡ ಅನ್ನುವುದು ಆಕೆಯ ಜಾಯಮಾನವಲ್ಲ. ಮರುದಿನದಿಂದಲೇ ವಿಚಾರಣೆ ಹೊರಟಳು.

ಗಂಡಿನ ಮನೆಯ ಮಾತನ್ನು ಜೀಪೇ ಹೇಳಿತ್ತು: ಊಟ, ಬಟ್ಟೆ, ಪೆನ್ಷನ್ನು, ಮರ್ಯಾದೆ. ದಾಯಾದಿ ಮಾತಿಗೆ ದಿಬ್ಬೂರಹಳ್ಳಿಯ ಕೋನಪ್ಪ ಸಿಕ್ಕಿದ. ತರಬೇತಿಯಿಂದ ಅರ್ಧಕ್ಕೇ ಓಡಿಬಂದವನು. ಅಲ್ಲಿ ಮುದ್ದೆ ಕಣ್ಣಿಗೂ ಕಾಣದು, ಬೆಳಕು ಹರಿಯುವ ಮುಂಚೆ ಎಬ್ಬಿಸಿ ಓಡಿಸುತ್ತಾರೆ, ಹಿಂದಿಯಲ್ಲಿ ಬೈಯುತ್ತಾರೆ, ಬೈದದ್ದು ಏನೆಂದು ಗೊತ್ತಾಗದೆ ಇನ್ನೂ ಹೊಟ್ಟೆ ಉರಿಯುತ್ತದೆ ಎಂದು ಆತ ಅಲವತ್ತುಕೊಂಡ.

ಟೀ ಅಂಗಡಿಯ ಮಾತಿಗೆ ಆಕೆ ತಮ್ಮೂರಿನ ಆವಲಪ್ಪನನ್ನೇ ಹುಡುಕಿಕೊಂಡು ಹೋದಳು. ಹಿಂದಿನ ಮಹಾಯುದ್ಧದಲ್ಲಿ ಬರ್ಮಾವರೆಗೆ ಹೋಗಿ ಬಂದು, ಈಗ ಎರಡು ಎಮ್ಮೆ ಕಟ್ಟಿಕೊಂಡಿದ್ದ ಮುದುಕ. ಆತ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಹಾಲು ಕರೆಯುವುದನ್ನು ಮುಗಿಸಿ, ಕೈ ಒರೆಸಿಕೊಂಡು ಹೇಳಿದ.

"ಅನ್ನ ಹೊತ್ತಿಗೆ ಸಿಕ್ತದೆ, ನಿದ್ದೆ ಸಿಗಲ್ಲ. ಹೆದರಿಕೆ ಎಲ್ರಿಗೂ ಆಗ್ತದೆ, ಹೇಳ್ಕೊಳಲ್ಲ ಅಷ್ಟೆ. ನಾನು ಹೊರಟ ದಿನ ನಮ್ಮಮ್ಮ ಕೋಪ ಮಾಡ್ಕೊಂಡು ಒಳಗಿಂದ ಈಚೆಗೆ ಬರಲೇ ಇಲ್ಲ ತಾಯಿ. ಬರ್ಮಾದಲ್ಲಿ ಗುಂಡಿಗಿಂತ ಅದೇ ಜಾಸ್ತಿ ನೋಯ್ತು."

ವಿಚಾರಣೆ ಮುಗಿಯಿತು. ನ್ಯಾಯವಾಗಿ ನೋಡಿದರೆ ಸಂಬಂಧ ಬೇಡ ಅನ್ನುವಂಥದ್ದೇನೂ ಸಿಕ್ಕಲಿಲ್ಲ. ಅದೇ ಆಕೆಗೆ ಸಂಕಟವಾಯಿತು. ಬಾಯಿಬಿಟ್ಟು ಬೇಡ ಅನ್ನಲು ಕಾರಣವಿಲ್ಲ, ಕಳಿಸಲು ಮನಸ್ಸಿಲ್ಲ. ಆಗ ಆಕೆಗೆ ಹುಳು ನೆನಪಾಯಿತು.

ಮನೆಯಲ್ಲಿ ಹುಳು ಕೊನೆಯ ಸಲ ಪೊರೆ ಬಿಟ್ಟು ಎದ್ದು ಹಗಲು ರಾತ್ರಿ ಮೇಯುತ್ತಿತ್ತು. ಬುಧವಾರಕ್ಕೆ ಹಣ್ಣಾಗಬೇಕಿತ್ತು. ಹುಳು ಹಣ್ಣಾಯಿತೆಂದರೆ ಮೇವು ಬಿಟ್ಟು ಮೈಯೆಲ್ಲ ಬೆಳ್ಳಗೆ ಹೊಳೆಯುತ್ತದೆ. ಆಗಿಂದಾಗಲೇ ಒಂದೊಂದನ್ನೂ ಕೈಯಲ್ಲಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರು ತಟ್ಟಿಗೆ ಬಿಡಬೇಕು. ತಡವಾದರೆ ನೂಲನ್ನೆಲ್ಲ ಸಿಕ್ಕಸಿಕ್ಕಲ್ಲಿ ಚೆಲ್ಲಿಬಿಡುತ್ತದೆ. ಅಂಥ ದಿನ ಮನೆ ಬಿಟ್ಟು ಹೋಗುವವನನ್ನು ಆ ಸೀಮೆಯಲ್ಲಿ ಮನುಷ್ಯನೆಂದೇ ಎಣಿಸುವುದಿಲ್ಲ. ಮಳೆಗಾಲದ ಥಂಡಿಗೆಂದು ಹುಳುವಿನ ಮನೆಯಲ್ಲಿ ಇದ್ದಿಲಿನ ಕುಂಡ ಇಡುವುದು ಇದ್ದದ್ದೇ. ಶಾಖ ಒಂಚೂರು ಏರಿಸಿದರೆ ಹುಳು ಒಂದು ದಿನ ಮುಂಚೆ ಹಣ್ಣಾಗುತ್ತದೆ, ಅಂದರೆ ಸರಿಯಾಗಿ ಮಂಗಳವಾರ.

ಅಮ್ಮಾಜಮ್ಮ ಸಂಜೆ ಸೊಪ್ಪು ಹಾಕುವಾಗ ಮೂಲೆಯಲ್ಲಿ ಇನ್ನೊಂದು ಕುಂಡ ಇಟ್ಟಳು. ಜಗಲಿಯಲ್ಲಿ ಲಾಹೋರಿನ ಸುದ್ದಿ ನಡೆಯುತ್ತಿದ್ದರೆ ಆಕೆ ಒಳಗೆ ಕೆಂಡ ಊದುತ್ತಿದ್ದಳು. ಮಗನಿಗೆ ಮೋಸ ಮಾಡುತ್ತಿದ್ದೇನೆ ಎಂದು ಮನಸ್ಸು ಕುಟುಕದೆ ಇರಲಿಲ್ಲ. ಹೆತ್ತವಳು ಇಷ್ಟೂ ಮಾಡಬಾರದೇನು ಎಂದು ಅದರ ಬಾಯಿ ಮುಚ್ಚಿಸಿದಳು. ಶಾಖ ಮೀರಿದರೆ ಹುಳು ಕೊಳೆತು ಹೋಗುವುದೂ ಉಂಟು. ಅದಕ್ಕೂ ಆಕೆ ಹಿಂದೆಗೆಯಲಿಲ್ಲ.

ಆದರೆ ಹುಳು ಆಕೆಯ ಲೆಕ್ಕ ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ತಟ್ಟೆ ತಟ್ಟೆಯೂ ಹಣ್ಣಾಗಿ, ಹುಳು ತಲೆ ಎತ್ತಿ ತೂಗುತ್ತಿತ್ತು. ಇನ್ನು ಪುರುಸೊತ್ತೆಲ್ಲಿ? ಪಕ್ಕದ ಮನೆಯ ಮುನಿಗಂಗಮ್ಮ ಓಡಿಬಂದಳು. ಆವಲಪ್ಪ ಎಮ್ಮೆಗಳನ್ನು ಬಿಟ್ಟು ಬಂದ. ಸೈಕಲ್ಲು ನಿಲ್ಲಿಸಿದ ದಸ್ತಗೀರ್ ಸಾಬರನ್ನೂ ಬಿಡದೆ ಕೂರಿಸಿದರು; ಇಷ್ಟು ವರ್ಷ ಗೂಡು ಕೊಂಡವನು ಹುಳು ಮುಟ್ಟಿದ್ದು ಇವತ್ತೇ ಎಂದು ಅವರು ಖುಷಿಪಟ್ಟರು. ಹೊತ್ತು ಇಳಿಯುವಷ್ಟರಲ್ಲಿ ಹುಳುವೆಲ್ಲ ಚಂದ್ರಿಕೆ ಸೇರಿತು. ನಾಳೆಗೆ ಮನೆಯಲ್ಲಿ ಕಡ್ಡಿ ಎತ್ತಿಡುವ ಕೆಲಸವೂ ಉಳಿಯಲಿಲ್ಲ. ಮಗನನ್ನು ಕಟ್ಟಿಹಾಕಲು ಹೂಡಿದ ಉಪಾಯವೇ ಆತನ ಕೈ ಬಿಡಿಸಿಕೊಟ್ಟಿತ್ತು.

ಎಲ್ಲರೂ ಹೋದ ಮೇಲೆ ಆಕೆ ಕೊಟ್ಟಿಗೆಯಲ್ಲಿ ಇದ್ದಿಲಿನ ಮೂಟೆ ನೋಡಿದಳು. ಅದು ತಳ ಕಂಡಿತ್ತು. ತಾನೆಷ್ಟೇ ಸುರಿದರೂ ಅಷ್ಟು ಖಾಲಿಯಾಗಬಾರದಿತ್ತು. ಕೇಳಿದರೆ ತನ್ನ ಗುಟ್ಟೂ ಹೊರಬೀಳುತ್ತದೆ. ಆದರೂ ತಡೆಯಲಾಗದೆ ಮಗನನ್ನು ಕರೆದು ಮೂಟೆ ತೋರಿಸಿದಳು.

ಚನ್ನಕೇಶವ ತಲೆ ಕೆರೆದುಕೊಂಡ. "ನಾನೇ ಕಣಮ್ಮ. ಬೆಳಗಿನ ಸೊಪ್ಪು ಹಾಕೋವಾಗ ಒಂದು ಕುಂಡ ಜಾಸ್ತಿ ಇಡ್ತಿದ್ದೆ. ಸೆಲೆಕ್ಟ್ ಆದ್ರೆ ಅವತ್ತೇ ಕರ್ಕೊಂಡು ಹೋಗ್ತಾರೆ. ಬುಧವಾರ ಹುಳು ಹಣ್ಣಾದ್ರೆ ನೀನೊಬ್ಳೇ ಒದ್ದಾಡ್ತೀಯ. ಚಂದ್ರಿಕೆಗೆ ಬಿಟ್ಟೇ ಹೋಗಣ ಅಂತ."

ಅಮ್ಮಾಜಮ್ಮ ಅಲ್ಲೇ ಕುಕ್ಕರಿಸಿದಳು. ಮೊದಲು ನಗು ಬಂತು, ಹಿಂದೆಯೇ ಅಳು, ಎರಡನ್ನೂ ಸೆರಗಿನಲ್ಲಿ ಅದುಮಿದಳು. ತಾನು ಆತನನ್ನು ಹಿಡಿದುಕೊಳ್ಳಲು ಹಚ್ಚಿದ ಕೆಂಡಕ್ಕೆ ಆತ ತನಗೆ ಕಷ್ಟವಾಗಬಾರದೆಂದು ಕೆಂಡ ಕೂಡಿಸುತ್ತಿದ್ದ. ಇಂಥವನು ಮಗನಾದನಲ್ಲ ಎಂದು ಹೆಮ್ಮೆಯಾಯಿತು. ಇಂಥವನನ್ನು ಕಳಿಸಬೇಕಲ್ಲ ಎಂದುಕೊಂಡೇ ಖಾಲಿ ಮೂಟೆಯ ಬಾಯಿ ಮಡಚಿದಳು.

"ಸಂಜೆ ಕುಂಡ ನಂದು ಕಣೋ," ಅಂದಳು. "ನಿನ್ನ ಕಟ್ಟಿಹಾಕಕ್ಕೆ ಇಟ್ಟಿದ್ದೆ. ಹೋಗಿ ಬಾರಪ್ಪ."

ಮಂಗಳವಾರ ಬಸ್ಸಿನ ಹೊತ್ತಿಗೆ ಆಕೆ ಒಳಗೆ ಉಳಿಯಲಿಲ್ಲ. ಹುಳು ಬಿಟ್ಟ ಕೈಗಳಿಗೆ ಇನ್ನೂ ನೂಲಿನ ಎಳೆ ಅಂಟಿಕೊಂಡಿತ್ತು. ಆ ಕೈಗಳಲ್ಲೇ ಮಗನ ಕೆನ್ನೆ ಸವರಿ, ರೊಟ್ಟಿ ಬುತ್ತಿ ಕೊಟ್ಟು, ಬಸ್ಸು ತಿರುವು ದಾಟುವವರೆಗೂ ರಸ್ತೆಯಲ್ಲಿ ನಿಂತಿದ್ದಳು. ಸ್ವಲ್ಪ ದೂರದಲ್ಲಿ ಹಾಲಿನ ಕ್ಯಾನು ಹಿಡಿದಿದ್ದ ಆವಲಪ್ಪ ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಚನ್ನಕೇಶವ ಆಯ್ಕೆಯಾದ ಸುದ್ದಿ ಮರುದಿನ ಬಂತು. ಗುರುವಾರ ಸಂಜೆ ಜಗಲಿ ಎಂದಿನಂತೆ ತುಂಬಿತ್ತು. ಬೆಂಗಳೂರಿನವರು ಯುದ್ಧ ನಿಂತಿತು ಅಂದರು. ಅಮ್ಮಾಜಮ್ಮ ಅಲುಗಲಿಲ್ಲ. ದಾಯಾದಿ ಸ್ಟೇಷನ್ನಿಗೆ ಕಿವಿ ಹಚ್ಚಿದ ಸಾಬರು, ಇವರೂ ಹಾಗೇ ಅನ್ನುತ್ತಿದ್ದಾರೆ ಅಂದರು. ಇನ್ನು ಲಂಡನ್ನು. ಅದನ್ನು ಬಿಡಿಸಿ ಹೇಳುವವನು ಇರಲಿಲ್ಲ. ಬರ್ಮಾದಲ್ಲಿ ಕಲಿತ ಅಷ್ಟಿಷ್ಟು ಇಂಗ್ಲಿಷನ್ನು ನೆಚ್ಚಿಕೊಂಡು ಆವಲಪ್ಪ ರೇಡಿಯೋದ ಹತ್ತಿರ ಸರಿದು ಕೂತ. ಕೇಳಿದ, ಒಂದೆರಡು ಸಲ ಕೆಮ್ಮಿದ, ಆಮೇಲೆ ಆಕೆಯ ಕಡೆ ತಿರುಗಿ ಹೌದೆಂದು ತಲೆ ಆಡಿಸಿದ.

ಮೂವರೂ ಒಪ್ಪಿದ್ದರು. ಅಮ್ಮಾಜಮ್ಮ ಎದ್ದು, ಇಷ್ಟು ದಿನ ಜಗಲಿ ದಾಟದ ರೇಡಿಯೋವನ್ನು ಎತ್ತಿಕೊಂಡು ಒಳಗೆ ಹೋದಳು. ಚಂದ್ರಿಕೆಗಳ ಮುಂದೆ ಅದನ್ನಿಟ್ಟು, ಗೂಡಿನೊಳಗೆ ಮರೆಯಾಗಿದ್ದ ಹುಳುವಿಗೂ ಸುದ್ದಿ ಕೇಳಿಸಿದಳು.