ನಿನ್ನೆಯ ತೇಪೆ

ಆಕಾಶದಿಂದ ತೆಗೆದ ಚಿತ್ರ ದಿನಕ್ಕೊಂದೇ ಬರುತ್ತಿತ್ತು, ಬೆಳಿಗ್ಗೆ ಎಂಟಕ್ಕೆ. ಬೆಟ್ಟ ಬಾಯಿಬಿಟ್ಟು ಬೆಂಕಿ ಕಾರತೊಡಗಿ ಹನ್ನೊಂದು ದಿನವಾಗಿತ್ತು. ಕರಗಿದ ಕಲ್ಲು ಕಡಲಿಗಿಳಿದ ಕಡೆಯಲ್ಲೆಲ್ಲ ನೆಲ ಒಂದಿಷ್ಟು ಬೆಳೆಯುತ್ತಿತ್ತು. ಹೊಸ ದಡಕ್ಕೆ ಗೆರೆ ಎಳೆದು, ಬೆಂಕಿಗೆ ಸಿಗದೆ ಉಳಿದ ರಸ್ತೆಗಳಿಗೆ ಹಳದಿ ಬಳಿದು, ಒಂಬತ್ತರೊಳಗೆ ನಕ್ಷೆಯನ್ನು ಜನರ ಫೋನಿಗೆ ಕಳಿಸುವುದು ಅವಳ ಕೆಲಸ.

ಆ ದಡದಲ್ಲೇ ಅವಳ ಅಕ್ಕನ ಮನೆ. ಚಿತ್ರದಲ್ಲಿ ಅದರ ಚಾವಣಿ ನಾಲ್ಕು ನೀಲಿ ಚುಕ್ಕಿ, ಅಷ್ಟೇ. "ಒಣಗಹಾಕಿದ ಬಟ್ಟೆನೂ ಕಾಣುತ್ತೇನೇ?" ಎಂದು ಅಕ್ಕ ಫೋನಿನಲ್ಲಿ ಕಾಲೆಳೆಯುತ್ತಿದ್ದಳು. "ಸಂಬಳ ತಗೊಂಡು ಅಕ್ಕನ ಮನೆ ಇಣುಕೋ ಕೆಲಸ ಇನ್ಯಾರಿಗೆ ಸಿಗುತ್ತೆ?" ಹೊರಟು ಬಾ ಎಂದು ತಂಗಿ ಗೋಗರೆದಾಗಲೆಲ್ಲ ಒಂದೇ ಉತ್ತರ: ಹಾಸಿಗೆ ಹಿಡಿದ ಅತ್ತೆಯನ್ನು ಸುಮ್ಮಸುಮ್ಮನೆ ಅಲುಗಾಡಿಸುವುದು ಹೇಗೆ? ಬೆಂಕಿ ಹಿತ್ತಲಿಗೆ ಬಂದ ದಿನ ದಡದ ರಸ್ತೆ ಹಿಡಿದರಾಯಿತು. ರಸ್ತೆ ಇದೆಯೋ ಇಲ್ಲವೋ ಹೇಳಲು ನೀನಿದ್ದೀಯಲ್ಲ.

ಕಚೇರಿಯಲ್ಲೊಂದು ರೂಢಿಯಿತ್ತು. ಬೆಂಕಿ ನೀರಿಗೆ ಬಿದ್ದಲ್ಲಿ ಏಳುವ ಹಬೆ ಚಿತ್ರದಲ್ಲಿ ಬರೀ ಬಿಳಿ ಮಚ್ಚೆ. ಬಿಳಿ ಬಿಟ್ಟರೆ ಜನ ದೂರುತ್ತಾರೆಂದು ಅಷ್ಟು ಜಾಗಕ್ಕೆ ಹಿಂದಿನ ದಿನದ ಚಿತ್ರದ ತುಂಡು ಕೂರಿಸುತ್ತಿದ್ದರು. ಅದಕ್ಕೆ ತೇಪೆ ಎಂದು ಹೆಸರು. ಎಲ್ಲಿ ತೇಪೆಯಿದೆ ಎಂಬುದು ನಕ್ಷೆಯ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿರುತ್ತಿತ್ತು. ಹೊಲಿಗೆ ಕಾಣದಂತೆ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಮೇಲಧಿಕಾರಿ ಅವಳನ್ನು ದರ್ಜಿ ಎಂದೇ ಕರೆಯುತ್ತಿದ್ದ.

ಅಂದು ದಡದ ರಸ್ತೆಯ ತಿರುವಿನ ಮೇಲೆ ಬಿಳಿ ಕೂತಿತ್ತು. ಕೈಗೆ ರೂಢಿ. ತೇಪೆ ಹಾಕಿದಳು, ಹಳದಿ ಬಳಿದಳು, ಕಳಿಸಿದಳು. ನೀಲಿ ಚುಕ್ಕಿ ನಾಲ್ಕೂ ಇದ್ದವು. ಸಮಾಧಾನದಿಂದಲೇ ಚಹಾಕ್ಕೆ ಎದ್ದಳು.

ಹತ್ತೂವರೆಗೆ ಅಕ್ಕನ ಫೋನು ಬಂತು.

"ಪುಟ್ಟೀ, ಹಿತ್ತಲು ಸುಡ್ತಾ ಇದೆ, ಹೊರಟುಬಿಟ್ವಿ. ನಿನ್ನ ನಕ್ಷೇಲಿ ದಾರಿ ಇತ್ತಲ್ಲ. ಈಗ ತಿರುವಿನ ಹತ್ರ ಇದೀವಿ, ಮುಂದೆಲ್ಲ ಹೊಗೆ. ಹಿಂದೆ ದಾಟಿ ಬಂದ ಸೇತುವೆ ಮೇಲೂ ಬೆಂಕಿ ಬಂದುಬಿಡ್ತು. ನಿನ್ ಭಾವ ಕಾರು ನಿಲ್ಲಿಸಿಕೊಂಡು ಕೂತಿದಾರೆ. ಮೇಲಿಂದ ನೋಡಿ ಹೇಳು, ಮುಂದೆ ಹೋಗೋದಾ?"

ಪರದೆಯ ಮೇಲೆ ಹಳದಿ ರಸ್ತೆ ತಿರುವು ದಾಟಿ ಬಂದರಿನವರೆಗೂ ಹರಿದಿತ್ತು. ಹೊಲಿಗೆ ಎಲ್ಲಿಯೂ ಕಾಣುತ್ತಿರಲಿಲ್ಲ.

"ಅಕ್ಕಾ, ಅದು ನಿನ್ನೇದು."

"ಏನು ನಿನ್ನೇದು?"

"ಆ ತಿರುವು. ಹಬೆ ಇತ್ತು. ನಿನ್ನೆ ಚಿತ್ರ ಹಾಕಿದೆ ನಾನು."

ಬೈಗುಳಕ್ಕಾಗಿ ಕಾದಳು. ಅಕ್ಕನ ಅತ್ತೆ ಕೆಮ್ಮುವುದು ಕೇಳಿಸಿತು.

"ಇವತ್ತಿನದರಲ್ಲಿ ಏನಿದೆ?"

"ಬರೀ ಬಿಳಿ."

"ನಂಗೂ ಅದೇ ಕಾಣ್ತಿರೋದು," ಎಂದಳು ಅಕ್ಕ ಮೆಲ್ಲಗೆ. "ಇರು, ಇವರು ಏನೋ ಹೇಳ್ತಿದಾರೆ."

ಅಲ್ಲಿಗೆ ಫೋನು ಕಡಿಯಿತು. ಮತ್ತೆ ಎಷ್ಟು ಸಲ ಮಾಡಿದರೂ ಹತ್ತಲಿಲ್ಲ. ರಕ್ಷಣಾ ದಳಕ್ಕೆ ಫೋನು ಮಾಡಿದಳು. ಅವರು ತಿರುವಿನ ಗುರುತು ಬರೆದುಕೊಂಡರು. ನೀರು ಕುದಿಯುತ್ತಿದೆ, ದೋಣಿ ಹತ್ತಿರ ಹೋಗದು, ಬೂದಿಯಲ್ಲಿ ಹೆಲಿಕಾಪ್ಟರ್ ಏಳದು ಎಂದರು. ಮೇಲಧಿಕಾರಿ ನೀರು ತಂದಿಟ್ಟು ಅಲ್ಲೇ ನಿಂತಿದ್ದ. ಮುಂದಿನ ಚಿತ್ರಕ್ಕೆ ಇನ್ನೂ ಇಪ್ಪತ್ತೊಂದು ಗಂಟೆಯಿತ್ತು.

ಮರುದಿನ ಎಂಟಕ್ಕೆ ಚಿತ್ರ ಬಂತು. ನೀಲಿ ಚುಕ್ಕಿ ನಾಲ್ಕೂ ಇದ್ದವು. ಬೆಂಕಿ ಹಿತ್ತಲನ್ನು ಸವರಿಕೊಂಡು ಬದಿಗೆ ಹೊರಳಿತ್ತು. ಸೇತುವೆ ಕಪ್ಪಗಿತ್ತು. ತಿರುವಿನ ಮೇಲೆ ಅದೇ ಬಿಳಿ. ಆ ಎತ್ತರದಿಂದ ಕಾರು ಅರ್ಧ ಚುಕ್ಕಿಯೂ ಆಗದೆಂದು ಅವಳಿಗೆ ಗೊತ್ತಿತ್ತು. ಆದರೂ ಬರೀ ಚೌಕಗಳಾಗಿ ಒಡೆಯುವವರೆಗೂ ಹಿಗ್ಗಿಸಿ ನೋಡಿದಳು.

"ಬಿಳಿ ಹಾಗೇ ಬಿಟ್ಬಿಡಮ್ಮ," ಎಂದ ಮೇಲಧಿಕಾರಿ.

ಅವಳು ಆಗಲೇ ಬಿಟ್ಟಿದ್ದಳು. ಒಂಬತ್ತಾದ ಮೇಲೆ ಕಚೇರಿಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ನಕ್ಷೆಯಲ್ಲೊಂದು ತೂತಿದೆ, ಅಲ್ಲಿ ಏನಾಗಿದೆ ಎಂದು ಯಾರ್ಯಾರೋ ಕೇಳುತ್ತಿದ್ದರು. ಪ್ರತಿ ಸಲವೂ ಅವಳೇ ಓಡಿಹೋಗಿ ಎತ್ತಿಕೊಂಡಳು.